ಹತ್ತೊಂಬತ್ತನೆಯ ಪಾಠ

ಟೇಗನ್ ಹಾಲಿನ ಬಾಟಲಿಗಳನ್ನು ತೊಳೆಯುತ್ತಿದ್ದಳು. ಬ್ರಷ್ಷನ್ನು ತಳಕ್ಕಿಳಿಸಿ ಮೂರು ಸುತ್ತು, ಕತ್ತಿನ ಹತ್ತಿರ ಎರಡು ಸುತ್ತು, ಆಮೇಲೆ ನಿಪ್ಪಲ್ಲಿನ ಒಳಮೈಯನ್ನು ಹೊರಗೆ ಮಾಡಿ ಬೆರಳಿನಿಂದ ಉಜ್ಜುವುದು. ಎಲ್ಲ ಬಲಗೈಯಲ್ಲೇ. ಎಡತೋಳಿನಲ್ಲಿ ಏಳು ತಿಂಗಳ ಆರ್ಲೊ ಅವಳ ಅಂಗಿಯ ಕಾಲರು ಚೀಪುತ್ತಿದ್ದ. ಅಡುಗೆಮನೆಯ ಮೇಜಿನ ಹತ್ತಿರ ಆ ಸಾಕುಮನೆಯ ಒಡತಿ, ಹುಡುಗಿಯರೆಲ್ಲ ಅಜ್ಜಿಯೆಂದು 'ನ್ಯಾನ್' ಎನ್ನುವ ಅರವತ್ತೊಂಬತ್ತರ ಗ್ಲೆನಿಸ್, ತನ್ನ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದಳು. ಎದುರಿಗೆ ರೊಶೆಲ್, ಅವಳ ಮುಂದೆ ಒಂದು ಹಾಳೆ, ಪೆನ್ನು.

ಕೈಗಳ ಮೇಲೆ ಕೂರುವುದು ರೊಶೆಲ್ ಮಾಡಿದ ನಿಯಮ. ಸಾಕುಮನೆಗಳಲ್ಲಿ ಬೆಳೆದು ಅಲ್ಲೇ ತಾಯಂದಿರಾದ ಹುಡುಗಿಯರನ್ನು ಸ್ವಂತ ಬದುಕಿಗೆ ಅಣಿ ಮಾಡುವುದು ಅವಳ ಕೆಲಸ. ಕೊನೆಯ ನಾಲ್ಕು ವಾರ, ಹುಡುಗಿ ಬಾಯಿಬಿಟ್ಟು ಕೇಳಿದ ಹೊರತು ಮನೆಯವರು ಏನನ್ನೂ ಮಾಡಿಕೊಡಕೂಡದು. ಗುರುವಾರ ಟೇಗನ್‌ಗೆ ಹದಿನೆಂಟು ತುಂಬುತ್ತದೆ. ಶುಕ್ರವಾರ ಅವಳು, ಮಗು ಇಬ್ಬರೂ ಹೊರಡಬೇಕು. ಶನಿವಾರ ಅವಳ ಕೋಣೆಗೆ ಹದಿನೈದು ವರ್ಷದ ಒಬ್ಬ ಬಸುರಿ ಬರುವವಳಿದ್ದಾಳೆ. ಹಾಳೆಯಲ್ಲಿ ಹತ್ತೊಂಬತ್ತು ಸಾಲುಗಳಿದ್ದವು. ಜ್ವರ ನೋಡುವುದು, ಬಾಡಿಗೆ ಕರಾರು ಓದುವುದು, ತಳ್ಳುಗಾಡಿಯೊಂದಿಗೆ ಬಸ್ಸು ಹತ್ತುವುದು, ಹೀಗೆ ಹದಿನೆಂಟಕ್ಕೆ ಗುರುತು ಬಿದ್ದಿತ್ತು. ಕೊನೆಯದೂ ಬಿದ್ದರೆ ನದಿಯಾಚೆ ಎರಡು ಕೋಣೆಯ ಮನೆ ಅವಳದು. ಬೀಳದಿದ್ದರೆ ಲಾನ್ಸೆಸ್ಟನ್ ಪಟ್ಟಣದ ಹಾಸ್ಟೆಲು; ಅಲ್ಲಿ ಪಾಳಿಯ ಮೇಲೆ ಬರುವವರು ಮಗುವಿನ ಒಂದೊಂದು ಅಳುವನ್ನೂ ಬರೆದಿಡುತ್ತಾರೆ. ಆ ಸಾಲು ಇಷ್ಟೆ: 'ನೆರವು ಬೇಕಾದಾಗ ಬಾಯಿಬಿಟ್ಟು ಕೇಳುತ್ತಾಳೆ.'

"ಹೋದ ವಾರ ತನಗೇ ಜ್ವರ ಬಂದಾಗ್ಲೂ ಕರೀಲಿಲ್ಲ ಈ ಮಹಾರಾಣಿ," ಎಂದಳು ಗ್ಲೆನಿಸ್. "ಗೋಡೆ ಆಚೆ ಕೆಮ್ಮೋದು ಕೇಳಿಸ್ತಾ ಇತ್ತು. ನಾನು ಹಾಸಿಗೇಲೂ ಹಿಂಗೇ ಕೂತಿದ್ದೆ. ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ, ಶೆಲ್."

"ಬಯ್ಯಿ ನ್ಯಾನ್, ಬಯ್ಯಿ. ಬೈಸ್ಕೊಂಡೇ ಬೆಳೆದೋಳು ನಾನು." ರೊಶೆಲ್ ಚಮಚ ತೆಗೆಯಲು ಎದ್ದಳು. ಚಮಚಗಳ ಡ್ರಾಯರನ್ನು ಕೊಂಚ ಮೇಲೆತ್ತಿ, ಸೊಂಟದಿಂದ ಗುದ್ದಿದರಷ್ಟೇ ಬರುವುದು. ಎತ್ತಿದಳು, ಗುದ್ದಿದಳು, ಬಂತು. ಈ ಮನೆ ಬಿಟ್ಟು ಹದಿನಾರು ವರ್ಷವಾಗಿದ್ದರೂ ಅವಳ ಸೊಂಟ ಅದನ್ನು ಮರೆತಿರಲಿಲ್ಲ. ಅವಳೂ ಟೇಗನ್ ಇರುವ ಕೋಣೆಯಲ್ಲೇ ಇದ್ದವಳು, ತೊಡೆಯ ಮೇಲೊಂದು ಹೆಣ್ಣುಮಗುವಿನ ಸಮೇತ.

"ಮಗು ಎತ್ಕೊಳ್ಳೋದು ಕಲಿಯೋಕೆ ಇವಳಿಗೆ ಹಿಟ್ಟಿನ ಚೀಲ ಕೊಟ್ಟಿದ್ದೆ," ಗ್ಲೆನಿಸ್ ಟೇಗನ್‌ಗೆ ಹೇಳಿದಳು. "ಟೋಪಿ ಬೇರೆ ಹಾಕಿ. ಕೇಳು, ಅದನ್ನ ಬೀಳಿಸಿ ಈ ನೆಲವೆಲ್ಲ ಬೆಳ್ಳಗೆ ಮಾಡಿದ್ದು ಯಾರು ಅಂತ."

"ಅದೇ ಹಿಟ್ಟು ಗುಡಿಸಿ ಸ್ಕೋನ್ ಬನ್ನು ಮಾಡಿ ತಿನ್ನಿಸಿದ್ದು ಯಾರು ಅಂತಲೂ ಕೇಳು."

"ಮೇಲಿನ ಹಿಟ್ಟು ಮಾತ್ರ ತಗೊಂಡಿದ್ದೆ ಕಣೇ!"

ಮೂವರೂ ನಕ್ಕರು. ನಗುವಾಗ ಗ್ಲೆನಿಸ್‌ಳ ಕೈಗಳು ತೊಡೆಯಡಿಯಿಂದ ಹೊರಗೆ ಬಂದಿದ್ದವು. ಅವಳು ಮತ್ತೆ ಒಳಗಿಡಲಿಲ್ಲ.

"ಆಗ ಈ ಹಾಳೇಲಿ ಹದಿನೆಂಟೇ ಇದ್ದಿದ್ದು," ಎಂದಳು ರೊಶೆಲ್. "ಹದಿನೆಂಟೂ ಚೆನ್ನಾಗಿ ಬರ್ತಿತ್ತು ನಂಗೆ. ಇಲ್ಲಿಂದ ಹೋಗಿ ಹನ್ನೊಂದು ತಿಂಗಳು ಒಂದು ಫೋನ್ ಮಾಡ್ಲಿಲ್ಲ. ಮಗಳಿಗೆ ಹಾಲು, ನಂಗೆ ಒಣ ಟೋಸ್ಟು. ನಾಲ್ಕೇ ಬಸ್ ಸ್ಟಾಪ್ ಈಚೆಗೆ ಇವಳು ಪ್ರತಿ ಭಾನುವಾರ ನನ್ನ ತಟ್ಟೆ ಇಟ್ಕೊಂಡು ಕಾಯ್ತಿದ್ಲಂತೆ."

"ಆಲೂಗಡ್ಡೆ ಆರಿ ಕಲ್ಲಾಗಿರೋದು," ಎಂದಳು ಗ್ಲೆನಿಸ್. "ಸೋಮವಾರ ನಾನೇ ತಿಂತಿದ್ದೆ."

"ಹತ್ತೊಂಬತ್ತನೇದು ನಾನು ಸೇರಿಸಿದ್ದು, ಟೇಗನ್."

ಟೇಗನ್ ನಲ್ಲಿ ನಿಲ್ಲಿಸಿದಳು. "ನಾನು ಕೇಳಿದ್ದೀನಿ, ಒಂದ್ಸಲ. ಎಂಟು ವರ್ಷದೋಳಿದ್ದಾಗ, ಬೇರೆ ಮನೇಲಿ. ಮಲಗುವಾಗ ಲೈಟು ಆರಿಸ್ಬೇಡಿ ಅಂತ. ಮುಂದಿನ ವಾರ ನನ್ನ ಬಟ್ಟೆನೆಲ್ಲ ಕಸದ ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟು, ಇನ್ನೊಂದು ಮನೆಗೆ ಕಳಿಸಿದ್ರು."

"ಅದಕ್ಕಲ್ಲ ಕಂದಾ, ಲೈಟಿಗಲ್ಲ..."

"ಗೊತ್ತು ನ್ಯಾನ್. ಈಗ ಗೊತ್ತು. ಆದ್ರೂ ಬಾಯಿ ಬರಲ್ಲ."

ರೊಶೆಲ್ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. "ಇವತ್ತು ಕೇಳಿ ನೋಡು. ಇಲ್ಲಿ ಯಾರೂ ಚೀಲ ತರಲ್ಲ. ಟೀ ಮಾಡ್ಕೊಡು ಅನ್ನು, ಇವನ್ನ ಎತ್ಕೋ ಅನ್ನು. ಎಷ್ಟು ಚಿಕ್ಕದಾದ್ರೂ ಸರಿ. ಆದ್ರೆ ನಿಜವಾಗ್ಲೂ ಬೇಕಾಗಿರೋದನ್ನೇ ಕೇಳ್ಬೇಕು. ನನ್ನ ಮೆಚ್ಚಿಸೋಕಲ್ಲ."

ಗ್ಲೆನಿಸ್ ಕುರ್ಚಿಯ ತುದಿಗೆ ಸರಿದು, ಈಗಲೇ ಏಳುವವಳಂತೆ ಕೂತಳು. ಕಿಟಕಿಯಾಚೆ ಆರ್ಲೊನ ಪುಟ್ಟ ಬನಿಯನ್ನುಗಳು ತಂತಿಯ ಮೇಲೆ ಗಾಳಿಗೆ ಉಬ್ಬುತ್ತಿದ್ದವು. ಬೇಲಿಯ ಮೇಲೆ ಪಕ್ಕದ ಮನೆಯ ಬೆಕ್ಕು ಎಂದಿನಂತೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಟೇಗನ್ ಅವನ್ನೆಲ್ಲ ನೋಡಿದಳು. ಒಂದೊಂದನ್ನೂ ನಿಧಾನವಾಗಿ, ಇನ್ನೆಲ್ಲೋ ನಿಂತು ನೆನೆಸಿಕೊಳ್ಳುತ್ತಿರುವವಳಂತೆ. ಕೊನೆಗೆ, ಯಾರ ಮುಖವನ್ನೂ ನೋಡದೆ, ಮಗುವಿನ ನೆತ್ತಿಗೆ ಹೇಳುವಂತೆ ಕೇಳಿದಳು:

"ಇನ್ನೊಂದು ವಾರ ನಾವಿಬ್ರೂ ಇಲ್ಲೇ ಇರ್ಬೋದಾ, ನ್ಯಾನ್?"