ಗೋಡೆಯ ಈಚೆಗೆ

"ಸಾಕು ಬಾರೋ ಸತ್ತಾರ್, ಬಿಸಿಲೇರುತ್ತೆ" ಎಂದು ಗಂಗುಲಪ್ಪ ಖಬರಸ್ತಾನದ ಮೋಟುಗೋಡೆಯ ಈಚೆಯಿಂದ ಕೂಗಿದ. ಒಳಗೆ ಹೊಸ ಮಣ್ಣಿನ ಗುಡ್ಡೆಯೊಂದರ ಮುಂದೆ ಸತ್ತಾರ್ ಎರಡೂ ಅಂಗೈ ಬಿಡಿಸಿಕೊಂಡು ನಿಂತಿದ್ದ. ಗೋಡೆಯಿಂದ ಅನತಿ ದೂರದಲ್ಲಿ ಗುಡ್ಡ ಕಡಿದಂತೆ ಮುಗಿದು, ಕೆಳಗೆ ಸಮುದ್ರ ಬಂಡೆಗಳಿಗೆ ಬಡಿಯುತ್ತಿತ್ತು.

ಸತ್ತಾರ್ ಹೊರಬಂದು ಚಪ್ಪಲಿ ಮೆಟ್ಟಿಕೊಂಡ. "ದಿಕ್ಕಿಲ್ಲದವನಂತೆ ಅಣ್ಣಾ. ಹೋದ ವಾರ ಸಮುದ್ರ ತಂದು ಹಾಕಿದ್ದು. ನಮ್ಮ ಸಾಬರ ಹುಡುಗ ಅಂತೆ. ಅದಕ್ಕೇ ಫಾತೆಹಾ ಓದಿದೆ."

"ಅಷ್ಟು ಹೊತ್ತು ಓದೋಕೆ ಅವನೇನು ನಿನ್ನ ಬೀಗನಾ? ನಮ್ಮ ಹುಡುಗನ್ನ ಹುಡುಕೋಣ ನಡಿ."

ಅದು ೧೯೪೨ರ ಏಪ್ರಿಲ್ ಕೊನೆ. ವಿಶಾಖಪಟ್ಟಣದ ಆಚೆ ಯುದ್ಧದ ಬಾಂಬು ಬಿದ್ದು ಮುಳುಗಿದ ಸರಕಿನ ಹಡಗಿನಲ್ಲಿ ಗಂಗುಲಪ್ಪನ ಮಗ ಕದಿರೇಶ ಕೂಲಿಯಾಗಿದ್ದ. ದಡ ಸೇರಿದವರಲ್ಲಿ ಅವನಿರಲಿಲ್ಲ. "ನಿನ್ನ ಕೈಯಾರೆ ಅವನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದು ಹೇಳು. ಅಲ್ಲೀತನಕ ನನ್ನ ಮಗ ಸತ್ತ ಅಂತ ನಾನು ಒಪ್ಪಲ್ಲ" ಎಂದು ಹೆಂಡತಿ ಕಳಿಸಿದ್ದಳು. ಮುಳಬಾಗಿಲಿನಲ್ಲಿ ಪಕ್ಕದ ಮನೆಯವನಾದ, ಪಾತ್ರೆಗೆ ಕಲಾಯಿ ಹಾಕುವ ಸತ್ತಾರ್ ಜೊತೆಗೆ ಬಂದಿದ್ದ.

ಇಬ್ಬರೂ ಕೆಂಪು ಮಣ್ಣಿನ ಗುಡ್ಡ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಎರಡು ಗುಡ್ಡಗಳ ನಡುವೆ ಸಮುದ್ರ ಒಳಕ್ಕೆ ಬಂದ ಕಡೆಯೆಲ್ಲ ಬೆಸ್ತರ ಗುಡಿಸಲುಗಳಿದ್ದವು. ಗಂಗುಲಪ್ಪ ತನ್ನ ಗಡಿನಾಡಿನ ತೆಲುಗಿನಲ್ಲಿ ಎಲ್ಲ ಕಡೆಯೂ ಅದನ್ನೇ ಹೇಳಿದ: ಎತ್ತರದ ಹುಡುಗ, ಕಿವಿ ಚುಚ್ಚಿದೆ, ನಾವು ಹಿಂದುಗಳು. ಎಲ್ಲ ಕಡೆಯೂ ಇಲ್ಲವೆಂದು ತಲೆಯಾಡಿಸಿದರು.

"ಇಷ್ಟು ನೀರಿದ್ದೂ ಬಾಯಿಗೆ ಹಾಕೋ ಹಾಗಿಲ್ವಲ್ಲೋ" ಎಂದ ಗಂಗುಲಪ್ಪ, ಒಂದು ತಾಳೆ ಮರದ ಕೆಳಗೆ ಕುಕ್ಕರಿಸಿ.

"ಇದರದೊಂದು ಮೂಲೆ ಸಿಹಿಯಾಗಿದ್ದು ನಮ್ಮ ಕೆರೆಗೆ ಬಂದಿದ್ರೆ, ಕದಿರೇಶ ಇಲ್ಲಿಗ್ಯಾಕೆ ಬರ್ತಿದ್ದ ಅಣ್ಣಾ?"

ಹೊತ್ತು ಇಳಿಯುವಾಗ ಕೊನೆಯ ಗುಡಿಸಲುಗಳು ಸಿಕ್ಕವು. ಮೀನು ಒಣಹಾಕಿದ್ದ ಮುದುಕಿಯೊಬ್ಬಳು ಕೇಳಿಸಿಕೊಂಡು, "ಹಿಂದುಗಳದು ಬರಲಿಲ್ಲಪ್ಪಾ" ಎಂದಳು. "ಬಂದದ್ದು ಒಂದೇ, ತುರ್ಕರದು. ಮುಖ, ಮೈ ಯಾವುದೂ ಗುರುತಿಗೆ ಉಳಿದಿರಲಿಲ್ಲ. ತೋಳಿನಲ್ಲಿ ತಾಯಿತ ಇತ್ತು. ಅದನ್ನು ನೋಡಿ ಅವರವರಿಗೇ ಒಪ್ಪಿಸಿದೆವು. ಗಾಡಿಯಲ್ಲಿ ಆ ತುದಿ ಗುಡ್ಡದ ಖಬರಸ್ತಾನಕ್ಕೆ ಒಯ್ದರು."

"ತಾಯಿತ ಕಟ್ಟಿದ್ರೆ ತುರ್ಕನಾ?" ಗಂಗುಲಪ್ಪನಿಗೆ ನಗುವೇ ಬಂತು. ಮುಳಬಾಗಿಲಿನಲ್ಲಿ ಯಾವ ಮನೆಯ ಮಗುವಿನ ತೋಳಿನಲ್ಲಿ ದರ್ಗಾದ ತಾಯಿತ ಇರಲಿಲ್ಲ? ಜ್ವರಕ್ಕೆ ಕಟ್ಟುತ್ತಿದ್ದರು, ಬೆಚ್ಚಿದ್ದಕ್ಕೆ ಕಟ್ಟುತ್ತಿದ್ದರು. ಕದಿರೇಶನ ತೋಳಿನಲ್ಲೂ ಇತ್ತು. ಮಗನಿಗೆ ಎರಡು ಕೈ ಇವೆ ಎಂದು ಯಾರೂ ಗುರುತು ಹೇಳುವುದಿಲ್ಲ. ಹಾಗೆಯೇ ಗಂಗುಲಪ್ಪ ತಾಯಿತದ ಗುರುತನ್ನೂ ಹೇಳಿರಲಿಲ್ಲ.

ಅವನ ನಗು ಅಲ್ಲಿಗೇ ನಿಂತಿತು.

"ಎಂಥಾ ತಾಯಿತ ಅವ್ವಾ?" ಕೇಳಿದವನು ಸತ್ತಾರ್.

"ತಾಮ್ರದ್ದು. ಮೇಲೆಲ್ಲ ಹಲ್ಲಿನ ಗುರುತು. ಮೀನು ಕಚ್ಚಿರಬೇಕು ಅಂದುಕೊಂಡೆವು. ತೀರ ಸಣ್ಣ ಹಲ್ಲು."

ಎರಡು ಕೂಸು ಹೋದ ಮೇಲೆ ಹುಟ್ಟಿದ ಕದಿರೇಶನಿಗೆ ಆ ತಾಯಿತ ತಂದು ಕಟ್ಟಿದವಳು ಸತ್ತಾರನ ತಾಯಿ. ಹಲ್ಲು ಬರುವಾಗ ಅವನು ಅವರ ಹೊಸ್ತಿಲಲ್ಲೇ ಕೂತು ಅದನ್ನು ಕಡಿಯುತ್ತಿದ್ದ. ಆಮೇಲೆ ದಾರ ಬದಲಾಯಿತು, ತಾಯಿತ ಬದಲಾಗಲಿಲ್ಲ.

ಇಬ್ಬರೂ ಬಂದ ದಾರಿಗೇ ತಿರುಗಿದರು. ಮೊದಲ ಏರಿನಲ್ಲೇ ಗಂಗುಲಪ್ಪ ಬಂಡೆಯ ಮೇಲೆ ಕುಳಿತ. ದೂರದ ತುದಿ ಗುಡ್ಡದ ಮೇಲೆ ಖಬರಸ್ತಾನದ ಸುಣ್ಣದ ಗೋಡೆ ಇನ್ನೂ ಕಾಣುತ್ತಿತ್ತು.

"ಸತ್ತಾರ್."

"ಏನಣ್ಣಾ?"

"ಬೆಳಿಗ್ಗೆ ನೀನು ಓದಿದ್ದು ಅವನಿಗೆ ಮುಟ್ಟಿರುತ್ತಾ?"

"ಮುಟ್ಟಿರುತ್ತೆ ಅಣ್ಣಾ. ಖಂಡಿತ ಮುಟ್ಟಿರುತ್ತೆ."

ಗಂಗುಲಪ್ಪ ಆ ಗೋಡೆಯನ್ನೇ ನೋಡುತ್ತಿದ್ದ.

"ಹಂಗಾದ್ರೆ ನಾನು 'ಸಾಕು ಬಾ' ಅಂದದ್ದೂ ಮುಟ್ಟಿರುತ್ತೆ" ಎಂದ.