ಕೊನೆಯ ಹಿಡಿ ಗೊಬ್ಬರ

ಭೂಮಿಯ ಮೇಲೆ ಯಾವುದೂ ಕೊಳೆಯದಂತಾಗಿ ವರ್ಷಗಳೇ ಕಳೆದಿದ್ದವು. ಆದರೂ ನೀಲವ್ವ ದಿನಾ ಬೆಳಿಗ್ಗೆ ಹಿತ್ತಲ ಗೊಬ್ಬರದ ಗುಂಡಿಯನ್ನು ಕೆದಕಿ ನೋಡುತ್ತಿದ್ದಳು. ಮಗಳ ಮದುವೆಯೂಟದ ಬಾಳೆಲೆಗಳು ಅದರಲ್ಲಿ ಇನ್ನೂ ಹಸಿರಾಗಿಯೇ ಇದ್ದವು. ಆ ಮಗಳು ಈಗ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳಿಗೆ ಮೆಂತ್ಯ ಸೊಪ್ಪಿನ ಬಯಕೆ.

ಹಳೆಯ ಕಾಲದ ಗೊಬ್ಬರ ಡಬ್ಬಿಯಲ್ಲಿ ಒಂದೇ ಹಿಡಿ ಉಳಿದಿತ್ತು.

“ಅದನ್ನೂ ಮುಗಿಸಿದ್ರ ಮುಂದ ಏನ್ ಮಾಡ್ತಿ?” ಎಂದು ನೆರೆಮನೆಯ ಕಾಶಿಂಬಿ ತಡೆದಳು.

“ಮುಂದ ಅನ್ನೋದು ಇದ್ರ ನೋಡೂಣು,” ಎಂದ ನೀಲವ್ವ ಅದನ್ನು ಕುಂಡದ ಸತ್ತ ಮಣ್ಣಿಗೆ ಬೆರೆಸಿ ಬೀಜ ಚೆಲ್ಲಿದಳು.

ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಸೊಪ್ಪು ಬಂತು. ಮಗಳು ಕಣ್ಣು ಮುಚ್ಚಿ, ನಿಧಾನವಾಗಿ ಉಂಡಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, “ಇದು ಹುಟ್ಟಿದ ಮ್ಯಾಲೆ ಇನ್ನೊಮ್ಮೆ ಹಾಕವ್ವಾ. ಇದೂ ಉಣ್ಣಲಿ,” ಎಂದಳು.

“ಹೂಂ,” ಎಂದು ನೀಲವ್ವ ಖಾಲಿ ತಾಟನ್ನು ಎತ್ತಿಕೊಂಡು ಒಳಗೆ ಹೋದಳು.