ಗೋಡೆಬದಿಯ ಪುಟ್ಟ ಕೆರೆ

ಬೆಳಗಾಗಿ ಮಂಗಳಗೌರಿ ಕಣ್ಣು ಬಿಟ್ಟಾಗ ಗಾಜಿನ ತೊಟ್ಟಿಯ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗಾಗಿತ್ತು. ಒಂದು ಮೀನು ಆಗಲೇ ಪಕ್ಕಕ್ಕೆ ವಾಲಿ ತೇಲುತ್ತಿತ್ತು. ಏಳೋಣವೆಂದರೆ ಸೊಂಟದಿಂದ ಪಾದದವರೆಗೆ ಬಿಗಿದ ಪ್ಲಾಸ್ಟರು. ಅತ್ತೆ ಶಾಂತಮಲ್ಲಮ್ಮ ಹಿತ್ತಿಲಲ್ಲಿ ಹಸುವಿನ ಹಾಲು ಕರೆಯುತ್ತಿದ್ದರು. ಗಂಡ ಗಂಗಾಧರಸ್ವಾಮಿ ಬಂಡೀಪುರದ ಫಾರೆಸ್ಟ್ ಆಫೀಸಿನಲ್ಲಿ ಗುಮಾಸ್ತ, ಮನೆಗೆ ಬರುವುದು ಭಾನುವಾರ. ಪಡಸಾಲೆಯಲ್ಲಿದ್ದವರು ಮಾವ ಮರಿಮಲ್ಲಪ್ಪ ಒಬ್ಬರೇ. ಅವರೊಡನೆ ಅವಳು ಈವರೆಗೆ ಒಂದು ಮಾತೂ ಆಡಿದವಳಲ್ಲ.

ಗುಂಡ್ಲುಪೇಟೆಯ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದೇ ರೂಢಿ. ಮಾವ ಎದುರಾದರೆ ಸೆರಗು ಹೊದ್ದು ಪಕ್ಕಕ್ಕೆ ಸರಿಯುವುದು. ಏನು ಹೇಳಬೇಕಿದ್ದರೂ ಅತ್ತೆಯ ಬಾಯಿಂದ ಹೇಳಿಸುವುದು. ಬಾವಿಕಟ್ಟೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಅಲ್ಲಾಡದೆ ಮಲಗಿರಬೇಕೆಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ ಮೇಲೆ ಅವಳು ಗೋಡೆ ಕಡೆ ಮುಖ ತಿರುಗಿಸಿ ಮಲಗಿದವಳು ಈ ಕಡೆ ತಿರುಗಲೇ ಇಲ್ಲ. ಮಾತು ನಿಂತಿತು, ಊಟ ತುತ್ತಿನ ಲೆಕ್ಕಕ್ಕೆ ಇಳಿಯಿತು. ಅದು ಮಾವನ ಕಣ್ಣಿಗೆ ಬಿದ್ದಿತ್ತೇನೋ. ಮರಿಮಲ್ಲಪ್ಪನವರದು ದವಸದ ಅಂಗಡಿ. ಊಟಿಗೆ ಹುರುಳಿ ಹೊತ್ತುಹೋದ ಲಾರಿಯಲ್ಲಿ ಹಿಂತಿರುಗುವಾಗ, ಊರು ಬಿಟ್ಟು ಹೊರಟ ಬಿಳಿ ದೊರೆಯೊಬ್ಬನ ಬಂಗಲೆಯ ಹರಾಜಿನಿಂದ, ಕಬ್ಬಿಣದ ಚೌಕಟ್ಟಿನ ಆ ಗಾಜಿನ ತೊಟ್ಟಿಯನ್ನು ತಂದರು. “ಅಂಗಡೀಲಿ ಜಾಗ ಇಲ್ಲ, ಇಲ್ಲೇ ಇರ್ಲಿ” ಎಂದು ಹೆಂಡತಿಗೆ ಹೇಳಿ, ಸೊಸೆ ನೋಡುತ್ತಿದ್ದ ಗೋಡೆಗೇ ಬೆಂಚು ಒರಗಿಸಿ ಅದರ ಮೇಲೆ ಇಡಿಸಿದರು. ಪಂಚೆ ಎತ್ತಿಕಟ್ಟಿ ತಾವೇ ಕೆರೆಗಿಳಿದು ಗೋಡುಮಣ್ಣು, ನೀರುಗಿಡ ತಂದರು. ಗೋಡಿನ ಮೇಲೆ ತೊಳೆದ ಮರಳು ಹರಡಿ, ಮೂಲೆಯಲ್ಲೊಂದು ಕಲ್ಲಿಟ್ಟು, ದಾರದಂತೆ ಉದ್ದ ಎಲೆಯ ಗಿಡಗಳನ್ನು ಪೈರು ನಾಟಿದ ಹಾಗೆ ನಾಟಿದರು. ಗಿಡ ಬೇರು ಬಿಟ್ಟ ಮೇಲೆ ಕೆರೆಯ ಸಣ್ಣ ಮೀನುಗಳು ಬಂದವು.

“ಲಿಂಗ ಕಟ್ಟಿದೋರ ಮನೇಲಿ ಮೀನು ತಂದು ಮಡಗ್ತೀರಾ? ನೋಡ್ದೋರು ಏನಂದಾರು?” ಎಂದಿದ್ದರು ಶಾಂತಮಲ್ಲಮ್ಮ.

“ತಿನ್ನಕ್ಕಲ್ಲ ಕಣ, ನೋಡಕ್ಕೆ.”

ಯಾರು ನೋಡುವುದಕ್ಕೆ ಎಂದು ಅವರು ಹೇಳಲಿಲ್ಲ. ಕಿಟಕಿಯ ಬಿಸಿಲು ಬಿದ್ದಾಗ ಎಲೆಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇರುವುದನ್ನು ಮಂಗಳಗೌರಿ ಮೊದಲು ಸುಮ್ಮನೆ ನೋಡಿದಳು, ಆಮೇಲೆ ಕಾಯತೊಡಗಿದಳು. ಗಿಡದ ಬುಡದಲ್ಲಿ ಎಳೆಯ ಚಿಗುರೊಂದು ಕಂಡ ದಿನ ಮುದ್ದೆ ಪೂರ್ತಿ ಉಂಡಳು.

ಈಗ ಅದೇ ಕೆರೆ ಕಣ್ಣೆದುರಿಗೆ ಸಾಯುತ್ತಿತ್ತು. ಕರೆದರೆ ಏನೆಂದುಕೊಳ್ಳುತ್ತಾರೋ ಎಂದು ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತೇಲುತ್ತಿದ್ದ ಮೀನು ಒಮ್ಮೆ ಬಾಲ ಬಡಿಯಿತು.

“ಮಾವ.”

ಪಡಸಾಲೆಯಲ್ಲಿ ಸದ್ದಿಲ್ಲ. ಅವಳು ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು. ಮರಿಮಲ್ಲಪ್ಪ ಹೊಸ್ತಿಲಾಚೆ ಬಂದು ನಿಂತರು. “ಯಾರು ಕರ್ದುದ್ದು?”

“ನಾನೇ ಮಾವ. ಮೀನು ಸಾಯ್ತಾವೆ.”

ಅವರು ಒಳಗೆ ಬಂದು ತೊಟ್ಟಿಗೆ ಕೈ ಅದ್ದಿ ಮೂಸಿದರು. ಮರಳಿನ ಮೇಲಿಂದ ಹಿಡಿ ತುಂಬ ಏನನ್ನೋ ಬಾಚಿ ತೆಗೆದರು. ನೆನೆದು ಕೊಳೆತ ಕಡ್ಲೆಪುರಿ. “ಇಷ್ಟೊಂದು ಪುರಿ ಸುರ್ದೋರು ಯಾರು?”

ಮಂಗಳಗೌರಿಗೆ ಗೊತ್ತಿತ್ತು. ಮೀನು ಬೇಡವೆಂದು ರೇಗಿದ್ದ ಅತ್ತೆಯೇ ಈಚೆಗೆ ಸಂಜೆ ದೀಪ ಹಚ್ಚಿದ ಮೇಲೆ ಬಂದು, ಮಡಿಲಿಂದ ಪುರಿ ತೆಗೆದು, “ತಿನ್ನಿ ನನ್ನಪ್ಪ” ಎಂದು ಹಾಕಿ ಹೋಗುತ್ತಿದ್ದರು. ಈಗ ಅವರು ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಖ ಸಣ್ಣದಾಗಿತ್ತು.

“ನಾನೇ ಹಾಕ್ದೆ ಮಾವ” ಎಂದಳು ಮಂಗಳಗೌರಿ.

“ಪುರಿ ಡಬ್ಬ ಅಡಿಗೆಮನೆ ಅಟ್ಟದ ಮೇಲದೆ. ನೀನು ಯಾವಾಗವ್ವ ಎದ್ದೋಗಿದ್ದೆ?”

ಅವಳು ಕಣ್ಣು ತಗ್ಗಿಸಿದಳು. ಶಾಂತಮಲ್ಲಮ್ಮ ಚೊಂಬನ್ನು ಕೆಳಗಿಟ್ಟರು. “ನಾನೇ ಕಣ. ಹಸ್ಕೊಂಡವೆ ಅನ್ಕಂಡು ಹಾಕ್ಬುಟ್ಟೆ. ಹುಡ್ಗಿ ಮ್ಯಾಲೆ ಯಾಕೆ ತಪ್ಪು.”

ಮರಿಮಲ್ಲಪ್ಪ ಬೈಯಲಿಲ್ಲ. “ಸರಿ ಬುಡು. ನೆನ್ನೆ ಸೇದಿಟ್ಟ ನೀರು ಹಂಡೇಲಿ ಅದಲ್ಲ, ತತ್ತಾ. ಆ ಕಿಟ್ಕಿ ತೆಗಿ, ಗಿಡಕ್ಕೆ ಬಿಸ್ಲು ಬೀಳ್ಲಿ” ಎಂದರು. ಗಂಡಹೆಂಡಿರಿಬ್ಬರೂ ಸೇರಿ ಕೆಟ್ಟ ನೀರನ್ನು ಬೇರೆ ಚೊಂಬಿನಲ್ಲಿ ಮೊಗೆದರು. ಹೊಸ ನೀರನ್ನು ಎತ್ತರದಿಂದ ಸಣ್ಣ ಧಾರೆಯಾಗಿ ಬಿಟ್ಟರು. “ಆ ಕಲ್ಲಿನ ಹಿಂದ್ಕೂ ಪುರಿ ಅದೆ ಮಾವ. ಎಳೇ ಚಿಗುರದೆ, ಕೈ ತಾಗ್ಸಬೇಡಿ ಅತ್ತೆ” ಎಂದು ಮಂಗಳಗೌರಿ ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ಆ ತೊಟ್ಟಿಯ ಮೂಲೆ ಮೂಲೆಯೂ ಅವಳಿಗೆ ಬಾಯಿಪಾಠವಾಗಿತ್ತು. ಅವಳು ಹೇಳಿದಲ್ಲಿಗೆ ಮಾವನ ಕೈ ಹೋಗುತ್ತಿತ್ತು.

ವಾಲಿದ್ದ ಮೀನು ಉಳಿಯಲಿಲ್ಲ. ಅದನ್ನು ಶಾಂತಮಲ್ಲಮ್ಮ ಎಲೆಯಲ್ಲಿ ಸುತ್ತಿ ಬಾಳೆಯ ಬುಡದಲ್ಲಿ ಹೂತು ಬಂದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಉಳಿದವು ಒಂದೊಂದಾಗಿ ಗಿಡಗಳ ನಡುವೆ ಇಳಿದುಹೋದವು. ಮರಿಮಲ್ಲಪ್ಪ ಮೊಣಕಾಲವರೆಗೂ ನೆನೆದ ಪಂಚೆಯನ್ನು ಹಿಂಡಿಕೊಂಡರು. ಅಂಗಡಿ ಬಾಗಿಲು ಅವತ್ತು ತೆರೆದೇ ಇರಲಿಲ್ಲ.

ಏನಾದರೂ ಹೇಳಬೇಕೆಂದು ಮಂಗಳಗೌರಿಯ ಎದೆ ತುಂಬಿ ಬಂತು. ಬರೀ ಇವತ್ತಿನದಲ್ಲ, ಕೆರೆಗಿಳಿದದ್ದು, ನಾಟಿದ್ದು, ಗೋಡೆ ನೋಡಿಕೊಂಡು ಮಲಗಿದ್ದ ತನ್ನನ್ನು ನೋಡಿದ್ದು. ಅಂಥದಕ್ಕೆಲ್ಲ ಏನಂತ ಹೇಳುತ್ತಾರೆ, ಅವಳಿಗೆ ಯಾರೂ ಕಲಿಸಿರಲಿಲ್ಲ.

“ಮಾವ, ಉಂಡ್ರಾ?” ಎಂದಳು.

ಹೊರಟಿದ್ದ ಮರಿಮಲ್ಲಪ್ಪ ನಿಂತರು. “ಇನ್ನೂ ಇಲ್ಲ ಕಣವ್ವ” ಎಂದು, ಅಲ್ಲೇ ಮಂಚದ ಪಕ್ಕ ನೆಲದ ಮೇಲೆ ಕೂತರು. ಅಡಿಗೆಮನೆ ಕಡೆಗೆ ದನಿ ಎತ್ತಿ, “ಇವಳೇ, ನಂಗೂ ಇಲ್ಲಿಗೇ ಇಕ್ಕೊಂಡ್ ಬಾ” ಎಂದರು.

ಶಾಂತಮಲ್ಲಮ್ಮ ತಂದದ್ದು ಮೂರು ತಟ್ಟೆ.